ನೂರೈವತ್ತು ಗಂಟೆಗಳ ಶಾಲೆ

ಕಾರ್ಖಾನೆಯಲ್ಲಿ ದಿನವಿಡೀ ಬೋಲ್ಟು ಬಿಗಿಯುವವನಿಗೆ ಸಂಗೀತ ಕಲಿಯುವ ಹಕ್ಕಿದೆಯೇ? 1973ರಲ್ಲಿ ಇಟಲಿಯ ಕಾರ್ಖಾನೆ ಮಾಲೀಕರ ಮುಂದೆ ಈ ಪ್ರಶ್ನೆ ನಿಜಕ್ಕೂ ಬಂದು ನಿಂತಿತ್ತು. ಲೋಹ ಕಾರ್ಮಿಕರ ಸಂಘಟನೆಗಳು ಹೊಸ ಒಪ್ಪಂದಕ್ಕಾಗಿ ಮಾತುಕತೆ ನಡೆಸುತ್ತಿದ್ದವು. ಕಾರು, ಯಂತ್ರ, ಉಕ್ಕು, ಫ್ರಿಜ್ಜು ತಯಾರಿಸುವವರೆಲ್ಲ ಈ ಸಂಘಟನೆಗಳಲ್ಲಿದ್ದರು. ಬೇಡಿಕೆಪಟ್ಟಿಯಲ್ಲಿ ಕೂಲಿ ಹೆಚ್ಚಳದ ಜೊತೆಗೆ ಒಂದು ವಿಚಿತ್ರ ಬೇಡಿಕೆಯೂ ಇತ್ತು: ಓದಲಿಕ್ಕೆ ಸಂಬಳಸಹಿತ ಬಿಡುವು ಬೇಕು, ಆದರೆ ಏನನ್ನು ಓದಬೇಕೆಂದು ಮಾಲೀಕ ಹೇಳುವಂತಿಲ್ಲ. ಮಾಲೀಕರ ಕಡೆಯವರೊಬ್ಬರು, ಕಾರ್ಮಿಕರೇನು ಕ್ಲಾವಿಚೆಂಬಲೊ ನುಡಿಸಲು ಕಲಿಯುತ್ತಾರೆಯೇ ಎಂದು ಗೇಲಿ ಮಾಡಿದರಂತೆ. ಕ್ಲಾವಿಚೆಂಬಲೊ ಎಂದರೆ ಪಿಯಾನೊದ ಮುತ್ತಜ್ಜಿ; ಅರಮನೆಗಳಲ್ಲಿ, ಸಿರಿವಂತರ ದಿವಾನಖಾನೆಗಳಲ್ಲಿ ಇರುತ್ತಿದ್ದ ವಾದ್ಯ. ಮನಸ್ಸಾದರೆ ಅದನ್ನೂ ಕಲಿಯುತ್ತಾರೆ ಎಂದು ಸಂಘದವರು ಉತ್ತರ ಕೊಟ್ಟರಂತೆ. ಇಟಲಿಯ ಕಾರ್ಮಿಕ ಚಳವಳಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಬಂದಿರುವ ಕಥೆ ಇದು.

ಈ ಬೇಡಿಕೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ನಂತರ ದಕ್ಷಿಣ ಇಟಲಿಯ ಬಡ ಹಳ್ಳಿಗಳಿಂದ ಲಕ್ಷಾಂತರ ಜನ ಉತ್ತರದ ಟ್ಯೂರಿನ್, ಮಿಲಾನ್ ನಗರಗಳಿಗೆ ರೈಲು ಹತ್ತಿದರು. ಹೊಲ ಬಿಟ್ಟು ಬಂದವರು ಫಿಯಟ್ ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ನಿಂತರು. 1948ರ ಸಂವಿಧಾನ ಎಲ್ಲ ಮಕ್ಕಳಿಗೂ ಎಂಟು ವರ್ಷಗಳ ಶಿಕ್ಷಣದ ಭರವಸೆ ಕೊಟ್ಟಿತ್ತು. ಆದರೆ ಪ್ರಾಥಮಿಕ ಶಾಲೆಯ ನಂತರ ಹಾದಿ ಎರಡಾಗುತ್ತಿತ್ತು. ಅನುಕೂಲಸ್ಥರ ಮಕ್ಕಳು ಲ್ಯಾಟಿನ್ ಕಲಿಸುವ ಮಾಧ್ಯಮಿಕ ಶಾಲೆಗೆ ಹೋದರೆ, ಬಡವರ ಮಕ್ಕಳು ಕಸುಬು ಕಲಿಸುವ ಶಾಲೆಗೋ ನೇರವಾಗಿ ದುಡಿಮೆಗೋ ಹೋಗುತ್ತಿದ್ದರು. ಎಲ್ಲರಿಗೂ ಒಂದೇ ಮಾಧ್ಯಮಿಕ ಶಾಲೆ ಎಂಬ ಕಾನೂನು ಬಂದದ್ದು 1962ರ ಕೊನೆಯ ದಿನ. ಅಷ್ಟು ಹೊತ್ತಿಗೆ ಒಂದು ಇಡೀ ಪೀಳಿಗೆ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗಿಯಾಗಿತ್ತು. ಒಂದೇ ಶಾಲೆ ಬಂದ ಮೇಲೂ ಬಡ ಮಕ್ಕಳು ನಪಾಸಾಗಿ ಹೊರಬೀಳುವುದು ನಿಲ್ಲಲಿಲ್ಲ. ಬಾರ್ಬಿಯಾನಾ ಎಂಬ ಗುಡ್ಡದ ಮೇಲಿನ ಕುಗ್ರಾಮದಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಅಂಥ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ಅವರ ವಿದ್ಯಾರ್ಥಿಗಳು ಸೇರಿ ಬರೆದ, ಶಿಕ್ಷಕಿಯೊಬ್ಬಳಿಗೆ ಪತ್ರದ ರೂಪದ ಪುಸ್ತಕ 1967ರಲ್ಲಿ ಹೊರಬಂದು ದೇಶವನ್ನೇ ಅಲುಗಾಡಿಸಿತು. ಅದೇ ವರ್ಷ ಮಿಲಾನಿ ತೀರಿಕೊಂಡರು.

1969ರ ಮುಷ್ಕರಗಳ ಅಲೆಯನ್ನು ಇಟಲಿಯವರು ಬಿಸಿ ಶರತ್ಕಾಲ ಎಂದು ಕರೆಯುತ್ತಾರೆ. ಅದರ ಬೆನ್ನಿಗೆ, 1970ರ ಮೇ 20ರಂದು ಕಾರ್ಮಿಕರ ಹಕ್ಕುಗಳ ಕಾನೂನು ಬಂತು. ಅದರ ಹತ್ತನೇ ವಿಧಿ ಓದುತ್ತಿರುವ ಕಾರ್ಮಿಕರಿಗೇ ಮೀಸಲು. ತರಗತಿಗೆ ಹೋಗಲು ಅನುಕೂಲವಾಗುವಂಥ ಪಾಳಿಯನ್ನು ಕೊಡಬೇಕು, ಓವರ್‌ಟೈಮ್‌ಗೆ ಒತ್ತಾಯಿಸುವಂತಿಲ್ಲ, ಪರೀಕ್ಷೆಯ ದಿನ ಸಂಬಳಸಹಿತ ರಜೆ ಕೊಡಬೇಕು. ಒಳ್ಳೆಯ ಕಾನೂನೇ. ಆದರೆ ಅದು ಆಗಲೇ ಓದುತ್ತಿರುವವನ ಹಕ್ಕು. ಐದನೇ ತರಗತಿಗೇ ಶಾಲೆ ಬಿಟ್ಟು, ಈಗ ಮೂವತ್ತೈದು ದಾಟಿರುವವನು ಯಾವ ತರಗತಿಗೆ ಹೋಗಬೇಕು?

ಆ ಕೊರತೆ ತುಂಬಲು ಹೊರಟದ್ದು 1973ರ ಏಪ್ರಿಲ್‌ನ ಒಪ್ಪಂದ. ಅದಕ್ಕೆ ಮೊದಲು, ಮಾರ್ಚ್‌ನಲ್ಲಿ, ಟ್ಯೂರಿನ್ನಿನ ಮಿರಾಫಿಯೊರಿ ಕಾರ್ಖಾನೆಯನ್ನು ಕೆಂಪು ಕರವಸ್ತ್ರ ಕಟ್ಟಿಕೊಂಡ ಯುವ ಕಾರ್ಮಿಕರು ತಡೆದು ನಿಲ್ಲಿಸಿದ್ದರು. ಒಪ್ಪಂದದ ಪ್ರಕಾರ ಪ್ರತಿ ಕಾರ್ಮಿಕನಿಗೆ ಮೂರು ವರ್ಷಗಳಲ್ಲಿ 150 ಗಂಟೆಗಳ ಸಂಬಳಸಹಿತ ಬಿಡುವು. ಬೇಕಾದರೆ ಒಂದೇ ವರ್ಷದಲ್ಲಿ ಅಷ್ಟನ್ನೂ ಬಳಸಬಹುದು. ಒಂದು ಕಾರ್ಖಾನೆಯಿಂದ ಏಕಕಾಲಕ್ಕೆ ನೂರಕ್ಕೆ ಇಬ್ಬರಿಗಿಂತ ಹೆಚ್ಚು ಜನ ಹೋಗುವಂತಿಲ್ಲ. ಇನ್ನೊಂದು ಷರತ್ತನ್ನು ಈ ಕಥೆ ಹೇಳುವವರು ಎಷ್ಟೋ ಸಲ ಮರೆಯುತ್ತಾರೆ: ಕೋರ್ಸು ಕನಿಷ್ಠ 300 ಗಂಟೆಗಳದ್ದಾಗಿರಬೇಕು. ಅಂದರೆ ಮಾಲೀಕ ಕೊಡುವುದು ಅರ್ಧ. ಇನ್ನರ್ಧವನ್ನು ಕಾರ್ಮಿಕ ತನ್ನ ನಿದ್ದೆಯಿಂದಲೋ ಭಾನುವಾರದಿಂದಲೋ ತೆಗೆದುಕೊಡಬೇಕು. ಇದನ್ನು ಧರ್ಮಕ್ಕೆ ಸಿಕ್ಕಿದ್ದು ಎಂದು ಯಾರೂ ಹೇಳುವಂತಿರಲಿಲ್ಲ. ಕೈಗೆ ಬರಬಹುದಾಗಿದ್ದ ಕೂಲಿಯ ಒಂದು ಪಾಲನ್ನು ಅವರು ಸಮಯದ ರೂಪದಲ್ಲಿ ಪಡೆದುಕೊಂಡಿದ್ದರು. ಆಗ ಲೋಹ ಕಾರ್ಮಿಕರ ನಾಯಕರಲ್ಲಿ ಪ್ರಮುಖರಾಗಿದ್ದವರು ಬ್ರೂನೊ ಟ್ರೆಂಟಿನ್. ಫ್ಯಾಸಿಸ್ಟರಿಂದ ತಪ್ಪಿಸಿಕೊಂಡು ಫ್ರಾನ್ಸಿಗೆ ಹೋಗಿದ್ದ ಪ್ರಾಧ್ಯಾಪಕರೊಬ್ಬರ ಮಗ.

ಸಂಘಗಳು ಸ್ವಂತ ಶಾಲೆ ಕಟ್ಟಲಿಲ್ಲ. ಸರ್ಕಾರಿ ಶಾಲೆಯ ಕಟ್ಟಡಗಳಲ್ಲೇ, ಸರ್ಕಾರವೇ ಸಂಬಳ ಕೊಡುವ ಶಿಕ್ಷಕರಿಂದ ತರಗತಿ ನಡೆಯಬೇಕು, ಕೊನೆಗೆ ಸಿಗುವುದು ಎಲ್ಲರಿಗೂ ಸಿಗುವ ಪ್ರಮಾಣಪತ್ರವೇ ಆಗಿರಬೇಕು ಎಂದು ಪಟ್ಟು ಹಿಡಿದವು. ಜನರನ್ನು ಸೇರಿಸುವುದು, ಪಾಠ ಹೇಗಿರಬೇಕೆಂದು ಚರ್ಚಿಸುವುದು ಸಂಘದ ಕೆಲಸ. ಮೊದಲ ವರ್ಷಗಳಲ್ಲಿ ಹೆಚ್ಚಿನವರು ಬಂದದ್ದು ಮಾಧ್ಯಮಿಕ ಶಾಲೆಯ ಪ್ರಮಾಣಪತ್ರಕ್ಕಾಗಿ. ಮಕ್ಕಳ ಪಠ್ಯಪುಸ್ತಕ ಅವರಿಗೆ ಹೊಂದುತ್ತಿರಲಿಲ್ಲ. ಸಂಬಳದ ಚೀಟಿಯನ್ನೇ ಮುಂದಿಟ್ಟುಕೊಂಡು ಶೇಕಡಾವಾರು ಲೆಕ್ಕ ಕಲಿತರು. ಊರು ಬಿಟ್ಟು ಬಂದ ತಮ್ಮದೇ ಹಾದಿ ಅವರಿಗೆ ಭೂಗೋಳವೂ ಚರಿತ್ರೆಯೂ ಆಯಿತು.

ವಿಶ್ವವಿದ್ಯಾನಿಲಯಗಳಲ್ಲೂ 150 ಗಂಟೆಗಳ ಗೋಷ್ಠಿಗಳು ನಡೆದವು. ಅದರಲ್ಲಿ ಒಂದರ ಬಗ್ಗೆ ನಾನು ಕಥೆ ಬರೆಯುವವನಾಗಿ ಸ್ವಲ್ಪ ಹೆಚ್ಚೇ ಹೇಳಬೇಕು. ಟ್ಯೂರಿನ್ನಿನಲ್ಲಿ ಇವಾರ್ ಒದ್ದೊನೆ ಎಂಬ ವೈದ್ಯರಿದ್ದರು, ದುಡಿಮೆಯ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಕಾರ್ಖಾನೆಯ ಶಬ್ದ, ಧೂಳು, ದಣಿವು, ಒಂದೇ ಕೆಲಸವನ್ನು ಸಾವಿರ ಸಲ ಮಾಡುವ ಬೇಸರ - ಇವು ದೇಹವನ್ನು ಹೇಗೆ ತಿನ್ನುತ್ತವೆ ಎಂಬುದನ್ನು ಅವರು 1960ರ ದಶಕದಿಂದಲೇ ಕಾರ್ಮಿಕರ ಜೊತೆ ಕೂತು ಬರೆದಿಡುತ್ತಿದ್ದರು. ಫಿಯಟ್ ಕಾರ್ಮಿಕರೊಡನೆ ನಡೆಸಿದ ಗೋಷ್ಠಿಯಲ್ಲಿ ಅವರು ಬಳಸಿದ ಪ್ರಶ್ನೆ ಹೆಚ್ಚುಕಡಿಮೆ ಹೀಗಿತ್ತು: ನಿನ್ನಂತೆಯೇ ಕಾಣುವ ಒಬ್ಬ ತದ್ರೂಪಿ ಇದ್ದಾನೆ ಎಂದುಕೋ. ನಾಳೆ ನಿನ್ನ ಬದಲಿಗೆ ಅವನು ಕೆಲಸಕ್ಕೆ ಹೋಗಬೇಕು. ಯಾರಿಗೂ ಗುರುತು ಸಿಗಬಾರದು. ಅವನಿಗೆ ಏನೇನು ಹೇಳಿ ಕಳಿಸುತ್ತೀಯ?

ಕೆಲಸ, ಜೊತೆಗಾರರು, ಮೇಲಿನವರು, ಸಂಘ - ಈ ನಾಲ್ಕರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಕಾರ್ಮಿಕ ಆ ತದ್ರೂಪಿಗೆ ಹೇಳಿಕೊಡಬೇಕಾಗುತ್ತಿತ್ತು. ಯಂತ್ರದ ಕೈಪಿಡಿಯಲ್ಲಿ ಇಲ್ಲದ, ಕೈಗಳಿಗೆ ಮಾತ್ರ ಗೊತ್ತಿದ್ದ ವಿದ್ಯೆ ಆಗ ಮಾತಾಗಿ ಹೊರಬರುತ್ತಿತ್ತು. ಇಲ್ಲಿ ಪ್ರೊಫೆಸರೇ ವಿದ್ಯಾರ್ಥಿ. ಈ ಅನುಭವ 1977ರಲ್ಲಿ ಪುಸ್ತಕವಾಯಿತು. ಒಂದು ಪಾತ್ರದ ಒಳಹೊಕ್ಕು ಬರೆಯುವುದು ಹೇಗೆ ಎಂದು ನಮ್ಮ ಕಥಾ ಕಮ್ಮಟಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಈ ಒಂದು ಪ್ರಶ್ನೆ ಸಾಕಿತ್ತೇನೋ. ಅಂದಹಾಗೆ, ಒದ್ದೊನೆ ವಿದ್ಯಾರ್ಥಿಯಾಗಿದ್ದಾಗ ಫ್ಯಾಸಿಸ್ಟರ ವಿರುದ್ಧ ಗುಡ್ಡಗಾಡಿನಲ್ಲಿ ಹೋರಾಡಿದವರು. ಇತಾಲೊ ಕಾಲ್ವಿನೊ ತಮ್ಮ ಮೊದಲ ಕಾದಂಬರಿಯಲ್ಲಿ ತಂದ ಕಿಮ್ ಎಂಬ ಪಾತ್ರದ ಮೂಲ ಅವರೇ.

ಈ ಹಕ್ಕು ಅದನ್ನು ಕೇಳಿ ಪಡೆದವರ ಕೈಮೀರಿ ಬೆಳೆದದ್ದು ಹೆಂಗಸರ ತರಗತಿಗಳಲ್ಲಿ. ಒಪ್ಪಂದ ಬರೆದವರ ಕಣ್ಣ ಮುಂದಿದ್ದದ್ದು ಕಾರ್ಖಾನೆಯ ಗಂಡಸು. ಆದರೆ ಶಾಲೆಯ ಬಾಗಿಲು ತೆರೆದ ಮೇಲೆ ಯಾವ ಮಾಲೀಕನೂ ಇಲ್ಲದ, ಆದ್ದರಿಂದ ಯಾವ ಬಿಡುವೂ ಇಲ್ಲದ ಗೃಹಿಣಿಯರು ಒಳಗೆ ಬಂದರು. ಮಿಲಾನ್ ನಗರದ ಅಂಚಿನ ಅಫೋರಿ ಬಡಾವಣೆಯಲ್ಲಿ 1976ರಿಂದ ಪಾಠ ಹೇಳಿದವರು ಸ್ತ್ರೀವಾದಿ ಲೇಖಕಿ ಲೆಯಾ ಮೆಲಾಂದ್ರಿ. ಅಲ್ಲಿಗೆ ಬಂದವರಲ್ಲಿ ಬಹಳಷ್ಟು ಮಂದಿ ನಡುವಯಸ್ಸಿನ ತಾಯಂದಿರು. ಪ್ರಮಾಣಪತ್ರ ಸಿಕ್ಕ ಮೇಲೂ ಅವರು ಮನೆಗೆ ಹೋಗಲು ಒಪ್ಪಲಿಲ್ಲ; ಓದುತ್ತಾ, ತಮ್ಮ ಬದುಕಿನ ಬಗ್ಗೆ ಬರೆಯುತ್ತಾ ವರ್ಷಗಟ್ಟಲೆ ಕೂಡಿದರು. ಆದ್ರಿಯಾನಾ ಮೊಂತಿ ಅವರ ಬಗ್ಗೆ ಮಾಡಿ 1983ರಲ್ಲಿ ಮುಗಿಸಿದ ಚಿತ್ರದ ಹೆಸರೇ 'ಕೊನೆಯಿಲ್ಲದ ಶಾಲೆ'.

ಅಫೋರಿಯ ಹೆಂಗಸರ ಬಗ್ಗೆ ಓದುವಾಗಲೆಲ್ಲ ನನಗೆ ಅಮ್ಮಿ ನೆನಪಾಗುತ್ತಾರೆ. ಅಮ್ಮಿ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಉರ್ದು ಅಕ್ಷರ ಬರುತ್ತಿತ್ತು, ಆದರೆ ಕಂಟ್ರಾಕ್ಟರನ ಕಡೆಯವನು ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದದ್ದು ಕನ್ನಡದಲ್ಲಿ. ನಾನು ಉರ್ದು ಶಾಲೆಯಲ್ಲಿ ಕನ್ನಡವನ್ನೂ ಓದಲು ಕಲಿತ ಮೇಲೆ ಒಂದು ದಿನ ಅದನ್ನು ಓದಿ ಹೇಳಿದೆ. ಬರೆದ ಲೆಕ್ಕಕ್ಕೂ ಕೊಟ್ಟ ಬೀಡಿಗೂ ತಾಳೆಯಾಗಲಿಲ್ಲ. ಅಮ್ಮಿ ಏನೂ ಮಾತಾಡದೆ ಎಲೆ ಕತ್ತರಿಸುತ್ತಾ ಕೂತರು. ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಗುರುತಿಸಿತ್ತು. ಆದರೆ ಎಣಿಕೆಯ ಮೇಲೆ ಕೂಲಿ ಪಡೆಯುವವಳಿಗೆ ಓದಲು ಕೂತ ಒಂದು ಗಂಟೆ ಎಂದರೆ ಕಟ್ಟದೆ ಉಳಿದ ಒಂದು ಗಂಟೆಯ ಬೀಡಿ.

ನಮ್ಮ ದೇಶದಲ್ಲಿ ಕಾರ್ಮಿಕ ಶಿಕ್ಷಣ ಇರಲೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 1958ರಲ್ಲೇ ನಾಗಪುರದಲ್ಲಿ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿ ಸ್ಥಾಪಿಸಿತು. ಆಯ್ದ ಕಾರ್ಮಿಕರಿಗೆ ತರಬೇತಿ ಕೊಟ್ಟು, ಅವರೇ ಮರಳಿ ಹೋಗಿ ತಮ್ಮ ಜೊತೆಗಾರರಿಗೆ ಕಲಿಸುವ ಅದರ ಯೋಜನೆ ಜಾಣತನದ್ದು. ಆ ಮಂಡಳಿಗೆ ಈಗ ದತ್ತೋಪಂತ್ ಠೇಂಗಡಿಯವರ ಹೆಸರಿದೆ. ಆದರೆ ಯೋಜನೆ ಬೇರೆ, ಹಕ್ಕು ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರ ಜೂನ್‌ನಲ್ಲಿ ಸಂಬಳಸಹಿತ ಶಿಕ್ಷಣ ರಜೆಯ ಬಗ್ಗೆ ಒಂದು ಒಡಂಬಡಿಕೆ ಮಾಡಿತು. ಅದರ ಸಂಖ್ಯೆ 140. ಕಸುಬಿನ ತರಬೇತಿ, ಸಾಮಾನ್ಯ ಮತ್ತು ನಾಗರಿಕ ಶಿಕ್ಷಣ, ಕಾರ್ಮಿಕ ಸಂಘದ ಶಿಕ್ಷಣ, ಮೂರೂ ಅದರಲ್ಲಿವೆ. ಮರುವರ್ಷದ 141 ಮತ್ತು 142ನೇ ಒಡಂಬಡಿಕೆಗಳನ್ನು ಭಾರತ ಒಪ್ಪಿಕೊಂಡಿತು. 140ಕ್ಕೆ ಮಾತ್ರ ಸಹಿ ಬೀಳಲಿಲ್ಲ.

ಇಟಲಿಯಲ್ಲೂ ಆ ಗಾಳಿ ಬಹುಕಾಲ ಬೀಸಲಿಲ್ಲ. 1980ರ ಶರತ್ಕಾಲದಲ್ಲಿ ಫಿಯಟ್ ವಿರುದ್ಧ 35 ದಿನ ನಡೆದ ಹೋರಾಟ ಸೋತಿತು. ಮಾಧ್ಯಮಿಕ ಪ್ರಮಾಣಪತ್ರ ಇಲ್ಲದ ಹಳೆಯ ಕಾರ್ಮಿಕರು ನಿವೃತ್ತರಾಗುತ್ತಾ ಹೋದರು. 2000ದ ಕಾನೂನು ಓದಿಗಾಗಿ ಹನ್ನೊಂದು ತಿಂಗಳವರೆಗೆ ರಜೆ ಕೊಟ್ಟಿತು, ಆದರೆ ಸಂಬಳವಿಲ್ಲದೆ. 2016ರ ಲೋಹ ಕಾರ್ಮಿಕರ ಒಪ್ಪಂದದಲ್ಲಿ ತರಬೇತಿ ಪ್ರತಿ ಕಾರ್ಮಿಕನ ಹಕ್ಕು ಎಂದು ಬರೆದಾಗ ಸಂಘಗಳು ಸಂಭ್ರಮಿಸಿದವು: ಮೂರು ವರ್ಷಕ್ಕೆ 24 ಗಂಟೆ. ಅದು ಮುಖ್ಯವಾಗಿ ಕೆಲಸಕ್ಕೆ ಬೇಕಾದ ಕಲಿಕೆ. ಕ್ಲಾವಿಚೆಂಬಲೊ ಅದರಲ್ಲಿ ಬರುವುದಿಲ್ಲ.

150 ಗಂಟೆಗಳ ತರಗತಿಗಳಿಂದ ಬೆಳೆದ ವಯಸ್ಕರ ಶಿಕ್ಷಣ ಕೇಂದ್ರಗಳು ಬೇರೆ ಹೆಸರಿನಲ್ಲಿ ಇಂದೂ ನಡೆಯುತ್ತಿವೆ. ಅಲ್ಲಿ ಈಗ ಕೂರುವವರಲ್ಲಿ ಬಹಳಷ್ಟು ಜನ ಮೊರಾಕ್ಕೊ, ಸೆನೆಗಲ್, ಬಾಂಗ್ಲಾದೇಶಗಳಿಂದ ದುಡಿಯಲು ಬಂದವರು; ಇಟಾಲಿಯನ್ ಭಾಷೆ ಕಲಿಯುತ್ತಾರೆ. ಸರ್ಕಾರಿ ನೌಕರರಿಗೆ 1988ರ ನಿಯಮದಿಂದ ವರ್ಷಕ್ಕೆ 150 ಗಂಟೆಗಳ ಓದಿನ ಬಿಡುವು ಸಿಕ್ಕಿತು. ಡಿಗ್ರಿ ಕಟ್ಟಿರುವ ಗುಮಾಸ್ತರು, ಶಿಕ್ಷಕರು ಈಗಲೂ ಅದಕ್ಕೆ ಅರ್ಜಿ ಹಾಕುತ್ತಾರೆ. ಆ ಅರ್ಜಿಯನ್ನು ಅವರು ಇವತ್ತಿಗೂ 'ನೂರೈವತ್ತು ಗಂಟೆ' ಎಂದೇ ಕರೆಯುತ್ತಾರೆ.