ಗಡಿಸೀಮೆಯ ಕಲಹಪದಗಳು: ಒಂದು ಐತಿಹಾಸಿಕ ವಿವೇಚನೆ

ಇಂಗ್ಲಿಷಿನಲ್ಲಿ ಪ್ರತಿಸ್ಪರ್ಧಿಯನ್ನು 'ರೈವಲ್' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ರೀವುಸ್' ಎಂದರೆ ಹಳ್ಳ ಅಥವಾ ಕಾಲುವೆ. ಒಂದೇ ಕಾಲುವೆಯ ನೀರನ್ನು ಹಂಚಿಕೊಂಡು ಬದುಕುವ ನೆರೆಹೊರೆಯವನು 'ರೀವಾಲಿಸ್'. ಕ್ರಿ. ಶ. 6ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಅಪ್ಪಣೆಯಿಂದ ಸಂಕಲಿತವಾದ ರೋಮನ್ ನ್ಯಾಯಸಂಗ್ರಹದಲ್ಲಿಯೂ ಈ ಪದವು ಇದೇ ಅರ್ಥದಲ್ಲಿ ಬಂದಿದೆ. ನೀರಿನ ಪಾಲುಗಾರನೇ ಕಾಲಕ್ರಮದಲ್ಲಿ ಎದುರಾಳಿಯೆನಿಸಿದನು. ಈ ಅರ್ಥಾಂತರವನ್ನು ವಿವರಿಸಲು ಭಾಷಾಶಾಸ್ತ್ರಜ್ಞನು ಬೇಕಾಗಬಹುದು. ಆದರೆ ಕೃಷ್ಣೆಯ ದಂಡೆಯ ಉಗಾರದಲ್ಲಿಯೋ ಕುಡಚಿಯಲ್ಲಿಯೋ ಬೇಸಗೆಯಲ್ಲಿ ಪಂಪು ಹೂಡಿ ಕಾಯುವ ಒಕ್ಕಲಿಗನಿಗೆ ಅದರ ವಿವರಣೆಯೇ ಬೇಕಾಗಲಾರದು.

ನಮ್ಮ ಕಡೆಯ ಪದಗಳು ಹುಟ್ಟಿದುದು ಹೊಲದ ಅಂಚಿನಲ್ಲಿ ಅಲ್ಲ, ಮನೆಯ ಒಳಗೆ. ದಾಯಾದನೆಂದರೆ ಸಂಸ್ಕೃತದಲ್ಲಿ ಆಸ್ತಿಯ ಪಾಲಿಗೆ ಹಕ್ಕುಳ್ಳವನು, ಅಷ್ಟೆ. ಕನ್ನಡದಲ್ಲಿ 'ದಾಯಾದಿ' ಎಂದೊಡನೆಯೇ ಮತ್ಸರದ ವಾಸನೆ ಹೊಡೆಯುತ್ತದೆ. 'ಸಪತ್ನ'ನೆಂಬ ಶತ್ರುವಾಚಕವು 'ಸಪತ್ನೀ' ಎಂಬುದರಿಂದ, ಎಂದರೆ ನಮ್ಮ 'ಸವತಿ'ಯಿಂದ, ಹುಟ್ಟಿದುದು. 'ಭ್ರಾತೃವ್ಯ' ಶಬ್ದಕ್ಕೆ ಸೋದರನ ಮಗನೆಂಬ ಅರ್ಥವನ್ನೂ ಶತ್ರುವೆಂಬ ಅರ್ಥವನ್ನೂ ಪಾಣಿನಿಯು ಒಂದರ ಹಿಂದೊಂದು ಸೂತ್ರದಲ್ಲಿ ಹೇಳಿದ್ದಾನೆ. ದೂರದವನು ಶತ್ರುವಾಗುವುದು ಅಪರೂಪವೆಂಬುದರಲ್ಲಿ ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಒಮ್ಮತವುಂಟು.

ಅಚ್ಚಗನ್ನಡದ ರೀತಿ ಬೇರೆ. 'ಕಾನ್‌ಫ್ಲಿಕ್ಟ್' ಎಂಬುದರ ಮೂಲಾರ್ಥವು ಒಂದಕ್ಕೊಂದು ಬಡಿಯುವುದು. ಈ ಪರಸ್ಪರತೆಯನ್ನು ಲ್ಯಾಟಿನ್ ಒಂದು ಉಪಸರ್ಗದಿಂದ ಸೂಚಿಸಿದರೆ ಕನ್ನಡವು 'ಆಡು' ಧಾತುವಿನಿಂದ ಸೂಚಿಸುತ್ತದೆ: ಬಡಿದಾಟ, ಗುದ್ದಾಟ, ತಿಕ್ಕಾಟ, ಕಾದಾಟ, ಮೇಲಾಟ, ಹೋರಾಟ. ಮಕ್ಕಳ ಆಟಕ್ಕೂ ಪ್ರಾಣಾಂತಿಕವಾದ ಕಾಳಗಕ್ಕೂ ಒಂದೇ ಪ್ರತ್ಯಯ ಸಲ್ಲುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು.

ಪ್ರಕೃತ ನಮ್ಮ ಗಮನವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯ ಕಡೆಗೆ. ಇಲ್ಲಿಯ ಕಲಹಪದಗಳಲ್ಲಿ ಹೆಚ್ಚಿನವು ದೇಶ್ಯವೂ ಅಲ್ಲ, ಸಂಸ್ಕೃತವೂ ಅಲ್ಲ. ದಫ್ತರದ ಹಾದಿಯಿಂದ ಬಂದ ಅರಬ್ಬೀ-ಪಾರಸಿ ಶಬ್ದಗಳು. 'ತಕರಾರು' ಎಂಬುದು ಅರಬ್ಬಿಯಲ್ಲಿ ಕೇವಲ ಪುನರುಕ್ತಿ, ಹೇಳಿದ್ದನ್ನೇ ಹೇಳುವುದು. (ನ್ಯಾಯಾಲಯದ ಕಟ್ಟೆ ಹತ್ತಿದವರು ಈ ನಿಷ್ಪತ್ತಿಯನ್ನು ಸಂಶಯಿಸಲಾರರು.) 'ತಗಾದೆ'ಯು ಮೊದಲು ಸಾಲದ ಹಣವನ್ನು ಕೇಳುವುದು, 'ಫಿರ್ಯಾದಿ'ಯ ಬುಡದಲ್ಲಿರುವುದು ಕಷ್ಟದಲ್ಲಿರುವವನ ಮೊರೆ, 'ದಾವೆ' ಎಂದರೆ ಹಕ್ಕು ಸಾರುವುದು. ಲೆಕ್ಕದಿಂದ ಜಗಳ ಹುಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲಿಷಿನ 'ಡಿಸ್ಪ್ಯೂಟ್' ಕೂಡ ಲ್ಯಾಟಿನ್ನಿನಲ್ಲಿ ಬಾಬು ಬಾಬಾಗಿ ಲೆಕ್ಕ ಹಾಕುವುದು, ತೂಗಿ ನೋಡುವುದು ಎಂಬ ಅರ್ಥದ ಧಾತುವಿನಿಂದಲೇ ಬಂದಿದೆ. ಈ ಶಬ್ದಗಳು ಮರಾಠಿಗೂ ಕನ್ನಡಕ್ಕೂ ಸಮಾನವಾಗಿರುವುದರಿಂದ ಚಿಕ್ಕೋಡಿಯ ಸಂತೆಯಲ್ಲಿ ಎರಡು ಭಾಷೆಯವರು ಜಗಳವಾಡಿದರೂ ಅರ್ಥವಾಗದೆ ಹೋಗುವ ಭಯವಿಲ್ಲ.

ಒಡೆತನದ ಇತಿಹಾಸವೂ ಇದಕ್ಕೆ ಕಾರಣವಾಯಿತು. ಚಿಕ್ಕೋಡಿ ಮತ್ತು ಮನೋಳಿ ಸೀಮೆಗಳಿಗಾಗಿ ಕೊಲ್ಹಾಪುರ, ನಿಪ್ಪಾಣಿ, ಪೇಶವೆ, ಕಂಪನಿ ಸರ್ಕಾರಗಳು ಸೆಣಸಿದವು. 1818ರ ಬಳಿಕ ಕೊಲ್ಹಾಪುರಕ್ಕೆ ಸಂದಿದ್ದ ಅವು 1827ರ ಕೌಲಿನಿಂದ ಬ್ರಿಟಿಷರ ಕೈಗೆ ಮರಳಿದವು. ಅದೇ ವರ್ಷ ಎಲ್ಫಿನ್‌ಸ್ಟನ್ನನ ಮುಂಬಯಿ ಕಾಯಿದೆಗಳು ಹೊರಟವು. ರಾಯಬಾಗವಾದರೋ 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ವಿಲೀನವಾಗುವವರೆಗೂ ಆ ಸಂಸ್ಥಾನದಲ್ಲಿಯೇ ಇದ್ದಿತು. ಕೋರ್ಟು, ಅಪೀಲು, ಕೇಸು, ಕಮಿಷನ್ ಎಂಬ ಇಂಗ್ಲಿಷ್ ಮಾತುಗಳು ಹಳೆಯ ಪದಗಳನ್ನು ತಳ್ಳಿಹಾಕಲಿಲ್ಲ. ಅವುಗಳ ಮೇಲೆ ಇನ್ನೊಂದು ಪದರವಾಗಿ ಕುಳಿತವು. ಕೇಸು ಕೋರ್ಟಿನಲ್ಲಿ ನಡೆಯುತ್ತದೆ, ತಕರಾರು ಊರಿನಲ್ಲಿ ಉಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 1956ರಲ್ಲಿ ಸಂಸತ್ತು ಎರಡು ಶಾಸನಗಳನ್ನು ಮಾಡಿತು: ರಾಜ್ಯ ಪುನರ್ವಿಂಗಡಣಾ ಶಾಸನ ಮತ್ತು ಅಂತರರಾಜ್ಯ ಜಲವಿವಾದ ಶಾಸನ. ಎರಡರಲ್ಲಿಯೂ 'ಡಿಸ್ಪ್ಯೂಟ್' ಶಬ್ದವಿದೆ. ಆದರೆ ಎರಡನೆಯದರಲ್ಲಿ ಅದಕ್ಕೆ ನ್ಯಾಯಮಂಡಳಿಯ ದಾರಿಯನ್ನು ತೋರಿಸಲಾಗಿದೆ. ಅದರಂತೆ 1969ರಲ್ಲಿ ಬಚಾವತ್ ಮಂಡಳಿ ನೇಮಕವಾಗಿ 1973ರಲ್ಲಿ ಕೃಷ್ಣೆಯ ನೀರನ್ನು ಹಂಚಿತು. ಮೊದಲನೆಯದರಲ್ಲಿ ಗಡಿವಿವಾದವು ವಲಯ ಮಂಡಲಿಗಳು ಚರ್ಚಿಸಿ ಶಿಫಾರಸು ಮಾಡಬಹುದಾದ ವಿಷಯಗಳಲ್ಲಿ ಒಂದು, ಅಷ್ಟೆ. ಒಂದೇ ಶಬ್ದ, ಒಂದು ಕಡೆ ಅದಕ್ಕೆ ತೀರ್ಪುಂಟು, ಇನ್ನೊಂದು ಕಡೆ ಮಾತುಕತೆ ಮಾತ್ರ. ಗಡಿಯ ಸಮಸ್ಯೆ ಇಷ್ಟು ಕಾಲ ಎಳೆಯಲು ರಾಜಕಾರಣಿಗಳನ್ನು ಮಾತ್ರ ದೂಷಿಸುವವರು ಈ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ.

1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನುಳಿದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1957ರಲ್ಲಿ ಮುಂಬಯಿ ಸರ್ಕಾರವು ತನ್ನ ಮನವಿಯನ್ನು ಸಲ್ಲಿಸಿತು. 1960ರಲ್ಲಿ ರಚಿತವಾದ ನಾಲ್ವರ ಸಮಿತಿಯಲ್ಲಿ ಒಮ್ಮತವಾಗಲಿಲ್ಲ. 1966ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾಗಿ 1967ರ ಆಗಸ್ಟಿನಲ್ಲಿ ವರದಿಯನ್ನಿತ್ತಿತು. ಮಹಾರಾಷ್ಟ್ರವು ಕೇಳಿದ್ದು 814 ಗ್ರಾಮಗಳನ್ನು. ಆಯೋಗವು ಅದಕ್ಕೆ 264 ಗ್ರಾಮಗಳನ್ನೂ ಮೈಸೂರಿಗೆ 247 ಗ್ರಾಮಗಳನ್ನೂ ಸೂಚಿಸಿ ಬೆಳಗಾವಿ ನಗರವನ್ನು ಇದ್ದಲ್ಲಿಯೇ ಉಳಿಸಿತು. ಮಹಾರಾಷ್ಟ್ರಕ್ಕೆ ಸೂಚಿಸಿದವುಗಳಲ್ಲಿ ನಿಪ್ಪಾಣಿಯೂ ಇದ್ದಿತು. ವರದಿಯೇ ಅಂತಿಮವೆನ್ನುವ ಕರ್ನಾಟಕದಲ್ಲಿ ನಿಪ್ಪಾಣಿ ಉಳಿದಿದೆ; ಅದನ್ನು ಪಡೆಯಬಹುದಾಗಿದ್ದ ಮಹಾರಾಷ್ಟ್ರವು ವರದಿಯನ್ನೇ ತಿರಸ್ಕರಿಸಿದೆ. ಈ ಪ್ರಸಂಗವನ್ನು ನಮ್ಮವರು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುವುದುಂಟು.

ಆ ಬಳಿಕ ಹೆಸರೇ ಕಲಹದ ವಸ್ತುವಾಯಿತು. ಮರಾಠಿ ಪತ್ರಿಕೆಗಳಿಗೆ ಇದು 'ಸೀಮಾಪ್ರಶ್ನ'. ಪ್ರಶ್ನೆಯೆಂದ ಮೇಲೆ ಉತ್ತರ ಬರಬೇಕಾಗಿದೆಯೆಂದು ಅರ್ಥ. ಕನ್ನಡ ಪತ್ರಿಕೆಗಳಿಗೆ ಇದು 'ಗಡಿ ತಂಟೆ', 'ಗಡಿ ತಗಾದೆ', 'ಗಡಿ ಖ್ಯಾತೆ'. ತಂಟೆಯೆಂದ ಮೇಲೆ ಅದನ್ನು ತೆಗೆದವನೊಬ್ಬನಿದ್ದಾನೆ, ಅವನು ಸುಮ್ಮನಾದರೆ ತೀರಿತು. 'ಮುಗಿದ ಅಧ್ಯಾಯ' ಎಂಬುದು ಇನ್ನೂ ಮುಂದಿನ ಹೆಜ್ಜೆ. ಇತಿಹಾಸಕಾರನು ಇವುಗಳಲ್ಲಿ ಯಾವುದನ್ನು ಬಳಸಿದರೂ ಪಕ್ಷವಹಿಸಿದಂತಾಗುತ್ತದೆ. 'ಗಡಿವಿವಾದ'ವೊಂದೇ ಸ್ವಲ್ಪ ತಟಸ್ಥವೆಂದು ನನ್ನ ಅಭಿಪ್ರಾಯ. ವಿವಾದವೇ ಇಲ್ಲವೆನ್ನುವವರಿಗೆ ಅದೂ ಒಪ್ಪಿಗೆಯಾಗದೆಂಬುದನ್ನು ಬಲ್ಲೆ.

ಆದರೆ ಈ ಸೀಮೆಯ ಎಲ್ಲ ಹೋರಾಟಗಳೂ ಭಾಷೆಯವಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು; ಏಪ್ರಿಲಿನಲ್ಲಿ ಗೋಲಿಬಾರಾಗಿ ರೈತರು ಮಡಿದರು. ಅಲ್ಲಿ ಕನ್ನಡಿಗ, ಮರಾಠಿಗ ಎಂಬ ಎಣಿಕೆಯಿರಲಿಲ್ಲ. 'ರಸ್ತಾ ರೋಕೋ', 'ಗೋಲಿಬಾರು' ಎಂಬ ಮಾತುಗಳೂ ಇಬ್ಬರಿಗೂ ಒಂದೇ ಆಗಿದ್ದವು. ಇಲ್ಲಿಯ ಬೀಡಿ, ತಂಬಾಕು ಕೆಲಸದ ಹೆಂಗಸರಿಗೆ ಪರಿಚಿತವಾದ 'ಸಂಪು' ಶಬ್ದವೂ ಮರಾಠಿಯದೇ. ಗುಜರಾತಿಯಲ್ಲಿ ಅದೇ ರೂಪಕ್ಕೆ ಇಂದಿಗೂ ಒಗ್ಗಟ್ಟೆಂದು ಅರ್ಥ. ಮಾಲಿಕನ ಕಡೆಯಿಂದ ನೋಡಿದಾಗ ಕಲಹವಾದುದು ಕೂಲಿಯವಳ ಕಡೆಯಿಂದ ಒಗ್ಗಟ್ಟಾಗಿರುವುದು ಈ ಪದದಲ್ಲಿ ಉಳಿದುಬಂದಿದೆ.

ಜಾತ್ರೆಗಳಲ್ಲಿ 'ಜಂಗೀ ನಿಕಾಲಿ ಕುಸ್ತಿ'ಯೆಂದು ಸಾರುವುದುಂಟು. ಸೋಲುಗೆಲುವು ನಿರ್ಣಯವಾಗುವವರೆಗೆ ಜಟ್ಟಿಗಳನ್ನು ಬಿಡುವುದಿಲ್ಲವೆಂದು ಅದರ ತಾತ್ಪರ್ಯ. ಮಹಾರಾಷ್ಟ್ರವು ಸಂವಿಧಾನದ 131ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದುದು 2004ರಲ್ಲಿ. ಆ ಅನುಚ್ಛೇದದಲ್ಲಿ ಮತ್ತೆ 'ಡಿಸ್ಪ್ಯೂಟ್' ಶಬ್ದವೇ ಇದೆ. ರಾಜ್ಯಗಳ ಎಲ್ಲೆಯನ್ನು ಮಾರ್ಪಡಿಸುವುದು 3ನೆಯ ಅನುಚ್ಛೇದದಂತೆ ಸಂಸತ್ತಿಗೆ ಮಾತ್ರ ಸೇರಿದ ಅಧಿಕಾರ, ಆದ್ದರಿಂದ ಈ ದಾವೆಯು ವಿಚಾರಣೆಗೇ ಅರ್ಹವಲ್ಲವೆಂದು ಕರ್ನಾಟಕದ ತಕರಾರು.