ಅಠಾರಾ ಕಚೇರಿ ಉಳಿದುಕೊಂಡ ಬಗೆ

ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರು ಅಲ್ಲಿನ ಮರದ ಕಂಬಗಳ ಮುಂದೆ ನಿಲ್ಲದೆ ಬರುವುದಿಲ್ಲ. ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಇಂದಿಗೂ ಅಲ್ಲಿವೆ. ಆದರೆ ಅರಮನೆಯ ಬಹುಭಾಗ ಉಳಿದಿಲ್ಲ. ಅದೇ ಊರಿನಲ್ಲಿ 1430ರ ಸಾವಿರ ಕಂಬದ ಬಸದಿ ಗಟ್ಟಿಯಾಗಿ ನಿಂತಿದೆ. ಕಲ್ಲಿನ ಬಲ ಒಂದು ಕಾರಣ. ಜನ ಅದನ್ನು ನಿತ್ಯ ಬಳಸುತ್ತಾ, ದುರಸ್ತಿ ಮಾಡುತ್ತಾ ಬಂದದ್ದು ಇನ್ನೊಂದು ಕಾರಣ.

ಹಾಗಾದರೆ ಅರಮನೆಯೂ ಅಲ್ಲದ, ಗುಡಿ ಬಸದಿಯೂ ಅಲ್ಲದ ಹಳೆಯ ಕಟ್ಟಡವನ್ನು ಕಾಯುವವರು ಯಾರು? ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆ ಇದೆ, 1961ರ ರಾಜ್ಯ ಕಾಯಿದೆಯೂ ಇದೆ. ಆದರೆ ಪಟ್ಟಿಗೆ ಸೇರಿದ ಸ್ಮಾರಕಗಳಿಗಷ್ಟೇ ಅವುಗಳ ಆಸರೆ. ನಮ್ಮ ಪೇಟೆಬೀದಿಯ ಶಾಲೆ, ಕಚೇರಿ, ಛತ್ರಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿಲ್ಲ.

ಈ ಪ್ರಶ್ನೆಗೆ ಬೆಂಗಳೂರಿನ ಒಂದು ಕಟ್ಟಡ ಉತ್ತರ ಕೊಟ್ಟಿದೆ. ವಿಧಾನಸೌಧದ ಎದುರಿನ ಕೆಂಪು ಕಟ್ಟಡವನ್ನು ನೀವು ನೋಡಿರಬಹುದು. ಅದೇ ಅಠಾರಾ ಕಚೇರಿ. ಬ್ರಿಟಿಷ್ ಆಡಳಿತದ ಕಚೇರಿಗಳು 1831ರಿಂದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದವು. ಅಲ್ಲಿ ಸ್ಥಳ ಸಾಲದಾಯಿತು. ಕಮಿಷನರ್ ಬೌರಿಂಗ್ ಕಾಲದಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ ನೇತೃತ್ವದಲ್ಲಿ ಹೊಸ ಕಟ್ಟಡ ಎದ್ದು 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳು ಬಂದು ಸೇರಿದ್ದರಿಂದ ಆ ಹೆಸರು. 1956ರಲ್ಲಿ ವಿಧಾನಸೌಧ ಸಿದ್ಧವಾಗುವವರೆಗೂ ಸಚಿವಾಲಯ ಇಲ್ಲೇ ಇತ್ತು. ಬಳಿಕ ಕಟ್ಟಡ ಉಚ್ಚ ನ್ಯಾಯಾಲಯದ ಪಾಲಿಗೆ ಬಂತು.

1982ರಲ್ಲಿ ಇದನ್ನು ಕೆಡವುವ ಯೋಜನೆ ಮುಂದೆ ಬಂದಾಗ ನಾಗರಿಕರು ಸುಮ್ಮನಿರಲಿಲ್ಲ. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆ ನಡೆದದ್ದು, ಕೆಡವಬೇಕೆಂದಿದ್ದ ಅದೇ ಕಟ್ಟಡದೊಳಗೆ! ಕರ್ನಾಟಕದ ಉಚ್ಚ ನ್ಯಾಯಾಲಯ ಕೇಳಿದ ಇಂಥ ಮೊದಲ ಅರ್ಜಿ ಅದೆಂದು ಹೇಳುತ್ತಾರೆ. ಕೊನೆಗೆ ಕಟ್ಟಡ ಉಳಿಯಿತು. ನ್ಯಾಯಾಲಯ ಇಂದಿಗೂ ಅಲ್ಲೇ ನಡೆಯುತ್ತಿದೆ.

ಇದರಿಂದ ನಾವು ಕಲಿಯುವುದೇನು? ಹಳೆಯ ಕಟ್ಟಡ ಮೊದಲು ಬೀಳುವುದು ಮಾತಿನಲ್ಲಿ. ‘ಶಿಥಿಲವಾಗಿದೆ’ ಎಂಬ ಒಂದು ಮಾತು ಸಾಕು, ಸುತ್ತಿಗೆ ಹಿಂದೆಯೇ ಬರುತ್ತದೆ. ಆದರೆ ಶಿಥಿಲತೆಗೂ ಒಂದು ವಿಜ್ಞಾನವಿದೆ. ಕರಾವಳಿಯಲ್ಲಿ ನಾಲ್ಕು ತಿಂಗಳ ಮಳೆ. ಒಂದು ಹಂಚು ಒಡೆದರೆ ನೀರು ಪಕ್ಕಾಸಿಗೆ ಇಳಿಯುತ್ತದೆ, ಮರ ಕುಂಬಾಗುತ್ತದೆ, ಮಾಡು ಜಗ್ಗುತ್ತದೆ, ನೆನೆದ ಗೋಡೆ ಬಿರುಕು ಬಿಡುತ್ತದೆ. ಸುಣ್ಣದ ಗಾರೆಯ ಮುರಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ರೋಗ ಹೆಚ್ಚುತ್ತದೆ. ಹಂಚು ಬದಲಾಯಿಸುವ ಕೆಲಸ ತಪ್ಪಿದ್ದಕ್ಕೆ ಇಡೀ ಕಟ್ಟಡ ಶಿಕ್ಷೆ ಅನುಭವಿಸಬೇಕೆ? ನಿಜವಾಗಿ ಅಪಾಯವಿದ್ದರೆ ಜನರನ್ನು ತಕ್ಷಣ ಹೊರಗೆ ಕಳುಹಿಸಬೇಕು. ಆದರೆ ಆ ತೀರ್ಮಾನ ತಜ್ಞರ ಪರೀಕ್ಷೆಯ ಮೇಲೆ ನಿಲ್ಲಬೇಕು.

ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ವಸ್ತುಗಳು ಆಶ್ರಯ ಪಡೆದಿವೆ. ಕಟ್ಟಡವನ್ನು ಹಾಗೆ ಎತ್ತಿ ಒಳಗಿಡುವುದು ಸುಲಭವಲ್ಲ; ಅದನ್ನು ನಿಂತಲ್ಲೇ ಕಾಯಬೇಕು. ವಿದ್ಯಾರ್ಥಿಗಳೇ, ನಿಮ್ಮ ಬೀದಿಯ ಒಂದು ಹಳೆಯ ಕಟ್ಟಡವನ್ನು ಆರಿಸಿಕೊಳ್ಳಿ. ಅಳತೆ ತೆಗೆಯಿರಿ, ಚಿತ್ರ ಬರೆಯಿರಿ, ಹಿರಿಯರನ್ನು ಕೇಳಿ ಅದರ ಕಥೆ ಬರೆದಿಡಿ. ಕೆಡವುವ ಮಾತು ಬಂದ ದಿನ ಊರಿನ ಕೈಯಲ್ಲಿ ಆ ದಾಖಲೆ ಇರಲಿ.