ಟೈಪ್ ಪರೀಕ್ಷಕಗಳ ದೋಷಸೂಚನೆ: ಒಂದು ಚಾರಿತ್ರಿಕ ವಿವೇಚನೆ

ಗಣಕಯಂತ್ರದ ಭಾಷೆಗಳ ಚರಿತ್ರೆಯನ್ನು ಬರೆದವರು ಆಯಾ ಭಾಷೆಯ ವ್ಯಾಕರಣವನ್ನೂ ಅದರ ಕಂಪೈಲರಿನ ವೇಗವನ್ನೂ ಕುರಿತು ವಿಸ್ತಾರವಾಗಿ ವಿವೇಚಿಸಿದ್ದಾರೆ. ಕ್ರಮವಿಧಿಯೊಂದು ತಿರಸ್ಕೃತವಾದಾಗ ಕಂಪೈಲರು ಅದನ್ನು ಬರೆದವರಿಗೆ ಏನು ಹೇಳುತ್ತದೆ ಎಂಬ ವಿಷಯಕ್ಕೆ ಅವರ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಆದರೆ ವಿದ್ಯಾರ್ಥಿಯು ಕಂಪೈಲರಿನೊಡನೆ ನಡೆಸುವ ವ್ಯವಹಾರವು ಬಹುಮಟ್ಟಿಗೆ ಈ ತಿರಸ್ಕಾರಗಳ ಮೂಲಕವೇ ಅಲ್ಲವೆ? ಪ್ರಸ್ತುತ ಲೇಖನದಲ್ಲಿ ದೋಷಸೂಚನೆಗಳ ಒಂದು ಬಗೆಯನ್ನು, ಎಂದರೆ ಟೈಪ್ ಪರೀಕ್ಷಕವು ಕೊಡುವ ಸೂಚನೆಯನ್ನು, ಆರಿಸಿಕೊಳ್ಳಲಾಗಿದೆ. ಟೈಪ್ ಎಂದರೆ ಒಂದು ಬೆಲೆಯು ಎಂಥದು ಎಂಬ ಗುರುತು: ಇದು ಪೂರ್ಣಾಂಕ, ಇದು ಅಕ್ಷರಮಾಲೆ, ಇದು ಸತ್ಯಾಸತ್ಯದ ಬೆಲೆ. ಪೂರ್ಣಾಂಕವಿರಬೇಕಾದೆಡೆ ಅಕ್ಷರಮಾಲೆ ಬಂದಿದ್ದರೆ, ಕ್ರಮವಿಧಿಯು ಓಡುವುದಕ್ಕೆ ಮೊದಲೇ ಅದನ್ನು ತಡೆಯುವುದು ಪರೀಕ್ಷಕದ ಕೆಲಸ. ಇದು ದೋಷವನ್ನು ಕಂಡ ಸ್ಥಳಕ್ಕೂ ದೋಷವು ಹುಟ್ಟಿದ ಸ್ಥಳಕ್ಕೂ ಎಷ್ಟೋ ವೇಳೆ ಅಂತರವಿರುತ್ತದೆ. ಆ ಅಂತರವನ್ನು ಸಂಶೋಧಕರು ಗುರುತಿಸಿದ ಬಗೆಯೇ ನಮ್ಮ ವಿಷಯ.

ದೋಷಸೂಚನೆಯ ಗುಣದ ಕಡೆಗೆ ಮೊದಲು ಗಮನವಿತ್ತವರಲ್ಲಿ ಬೋಧನೆಯ ಹೊಣೆ ಹೊತ್ತ ವಿಶ್ವವಿದ್ಯಾನಿಲಯಗಳು ಮುಖ್ಯವಾದುವು. 1960ರ ದಶಕದಲ್ಲಿ ವಿದ್ಯಾರ್ಥಿಯು ರಂಧ್ರಕೊರೆದ ಕಾರ್ಡುಗಳ ಕಟ್ಟನ್ನು ಗಣಕಕೇಂದ್ರಕ್ಕೆ ಒಪ್ಪಿಸಿ ಫಲಿತಾಂಶಕ್ಕಾಗಿ ಗಂಟೆಗಟ್ಟಲೆ, ಕೆಲವು ವೇಳೆ ಮರುದಿನದ ವರೆಗೆ, ಕಾಯಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದರೆ ಒಂದು ದಿನ ಹೋಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕಾನ್‌ವೇ ಮತ್ತು ಮ್ಯಾಕ್ಸ್‌ವೆಲ್ ಅವರು 1963ರಲ್ಲಿ ವರ್ಣಿಸಿದ 'ಕಾರ್ಕ್' ಭಾಷೆಯ ಕಂಪೈಲರು ಆದಕಾರಣ ಸಣ್ಣ ತಪ್ಪುಗಳನ್ನು ತಾನೇ ಊಹಿಸಿ ತಿದ್ದಿಕೊಂಡು ಮುಂದುವರಿಯುತ್ತಿತ್ತು. ಕೆನಡದ ವಾಟರ್‌ಲೂವಿನಲ್ಲಿ 1965ರಲ್ಲಿ 'ವಾಟ್‌ಫಾರ್', ವಿಸ್ಕಾನ್ಸಿನ್‌ನಲ್ಲಿ 1967ರಲ್ಲಿ 'ಡಿಟ್ರಾನ್' ಬಂದುವು. ಈ ಪ್ರಯತ್ನಗಳನ್ನು ಅಲ್ಪವೆಂದು ಎಣಿಸಕೂಡದು. ಆದರೂ ಕಾಗುಣಿತ ತಪ್ಪಿದ ಪದವನ್ನು ತಿದ್ದುವುದು ಬೇರೆ, ಎರಡು ವಾಕ್ಯಗಳ ನಡುವಣ ವಿರೋಧವನ್ನು ವಿವರಿಸುವುದು ಬೇರೆ.

ಈ ಎರಡನೆಯ ಸಮಸ್ಯೆಯು ತೀವ್ರವಾದುದು ಎಡಿನ್‌ಬರೋದಲ್ಲಿ ಹುಟ್ಟಿದ 'ಎಂ.ಎಲ್.' ಭಾಷೆಯಿಂದ. ಅದರಲ್ಲಿ ಬರೆಯುವವರು ಪ್ರತಿಯೊಂದು ಹೆಸರಿಗೂ ಟೈಪನ್ನು ಘೋಷಿಸಬೇಕಾಗಿಲ್ಲ; ಬಳಕೆಯನ್ನು ನೋಡಿ ಪರೀಕ್ಷಕವೇ ಅದನ್ನು ಅನುಮಾನಿಸಿಕೊಳ್ಳುತ್ತದೆ. ರಾಬಿನ್ಸನ್ 1965ರಲ್ಲಿ ಪ್ರಕಟಿಸಿದ ಏಕೀಕರಣ ವಿಧಾನವು ಇದರ ಆಧಾರ. ರಾಜರ್ ಹಿಂಡ್ಲೆ 1969ರಲ್ಲಿ ಸಂಯೋಜಕ ತರ್ಕದ ಸಂದರ್ಭದಲ್ಲಿ ಇದೇ ತತ್ತ್ವವನ್ನು ಪ್ರತಿಪಾದಿಸಿದ್ದರು. ರಾಬಿನ್ ಮಿಲ್ನರ್ 1978ರ ಪ್ರಬಂಧದಲ್ಲಿ ಅದನ್ನು ಕ್ರಮವಿಧಿಗಳಿಗೆ ಅನ್ವಯಿಸಿ 'ಡಬ್ಲ್ಯು' ಎಂಬ ಆಲ್ಗೊರಿದಮನ್ನು ಕೊಟ್ಟರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕ್ರಮವಿಧಿಯು ಓಡುವಾಗ ಟೈಪ್ ದೋಷಕ್ಕೆ ಗುರಿಯಾಗದು ಎಂಬ ಪ್ರಮೇಯವು ಅಲ್ಲಿ ಸಾಧಿತವಾಯಿತು. 1982ರಲ್ಲಿ ಡಮಾಸ್ ಮತ್ತು ಮಿಲ್ನರ್, ಟೈಪ್ ಇರುವುದಾದರೆ ಅತ್ಯಂತ ವ್ಯಾಪಕವಾದ ಟೈಪನ್ನೇ ಈ ಆಲ್ಗೊರಿದಮ್ ಕೊಡುವುದೆಂದು ತೋರಿಸಿದರು. ಟೈಪ್ ಇಲ್ಲದಿದ್ದರೆ? ಆಗ ಅದು 'ವಿಫಲ'ವೆಂದು ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ, ಏಕೆ ಎಂಬುದರ ಬಗ್ಗೆ ಪ್ರಮೇಯಗಳು ಮೌನವಾಗಿವೆ.

ಈ ಮೌನದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಫಂಕ್ಷನ್ನಿಗೆ 'ಕ್ಷ' ಎಂಬ ಬೆಲೆಯನ್ನು ಕೊಡಲಾಗಿದೆ. 3ನೆಯ ಸಾಲಿನಲ್ಲಿ ಕೈತಪ್ಪಿನಿಂದ ಅದಕ್ಕೆ 1ನ್ನು ಕೂಡಿಸಿದೆ. 10, 14, 20ನೆಯ ಸಾಲುಗಳಲ್ಲಿ ಅದನ್ನು ಅಕ್ಷರಮಾಲೆಯಾಗಿ ಸರಿಯಾಗಿಯೇ ಬಳಸಿದೆ. ಮೇಲಿನಿಂದ ಓದುತ್ತ ಬರುವ ಪರೀಕ್ಷಕವು 3ನೆಯ ಸಾಲಿನಲ್ಲಿ 'ಕ್ಷ'ವು ಪೂರ್ಣಾಂಕವೆಂದು ನಿಶ್ಚಯಿಸಿಕೊಂಡು 10ನೆಯ ಸಾಲಿನಲ್ಲಿ ಎಡವುತ್ತದೆ, ಆ ಸಾಲಿನ ಮೇಲೆಯೇ ದೋಷವನ್ನು ಹೊರಿಸುತ್ತದೆ. ಕೆಳಗಿನಿಂದ ಓದಿದ್ದರೆ 3ನೆಯ ಸಾಲನ್ನು ದೂರುತ್ತಿತ್ತು. ಹೀಗೆ ಅಪರಾಧಿಯು ಯಾರೆಂಬುದು ಓದಿನ ಅನುಕ್ರಮದಿಂದ ನಿರ್ಣಯವಾಗುತ್ತದೆಯೇ ಹೊರತು ಬರೆದವರ ಅಭಿಪ್ರಾಯದಿಂದಲ್ಲ. 10ನೆಯ ಸಾಲನ್ನು ತಿದ್ದಿದ ವಿದ್ಯಾರ್ಥಿಗೆ 14ನೆಯ ಸಾಲಿನಲ್ಲಿ ಅದೇ ಸೂಚನೆ ಕಾದಿರುತ್ತದೆ. ಹೀಗೆ ಸರಿಯಿದ್ದುದೆಲ್ಲ ಒಂದೊಂದಾಗಿ ಕೆಡುತ್ತ ಹೋಗುತ್ತದೆ.

ನಮ್ಮ ನೈಯಾಯಿಕರು ಅನುಮಾನವನ್ನು ಸ್ವಾರ್ಥವೆಂದೂ ಪರಾರ್ಥವೆಂದೂ ವಿಭಾಗಿಸಿದ್ದಾರೆ. ತನಗೆ ತಾನೇ ನಿಶ್ಚಯಿಸಿಕೊಳ್ಳುವವನಿಗೆ ವಾಕ್ಯಗಳ ಅಗತ್ಯವಿಲ್ಲ. ಮತ್ತೊಬ್ಬನಿಗೆ ತಿಳಿಸಬೇಕಾದರೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳೂ ಬೇಕು. ಮಿಲ್ನರರ ಆಲ್ಗೊರಿದಮ್ ನಡೆಸುವುದು ಸ್ವಾರ್ಥಾನುಮಾನ. 'ಪೂರ್ಣಾಂಕಕ್ಕೂ ಅಕ್ಷರಮಾಲೆಗೂ ಹೊಂದಿಕೆಯಿಲ್ಲ' ಎಂಬ ಸೂಚನೆಯಲ್ಲಿ ಪ್ರತಿಜ್ಞೆಯುಂಟು, ಹೇತುವಿಲ್ಲ.

ಹೇತುವನ್ನು ಉಳಿಸಿಕೊಳ್ಳುವ ಪ್ರಯತ್ನಗಳಲ್ಲಿ ಎರಡು 1986ರಲ್ಲಿ ಒಂದೇ ಸಮ್ಮೇಳನದಲ್ಲಿ ಮಂಡಿತವಾದುವು. ಮಿಚೆಲ್ ವಾಂಡ್ ಅವರು, ಏಕೀಕರಣದಲ್ಲಿ ಯಾವುದಾದರೊಂದು ನಿಶ್ಚಯವಾದಾಗಲೆಲ್ಲ ಅದು ಕ್ರಮವಿಧಿಯ ಯಾವ ಭಾಗದಿಂದ ಬಂತೆಂಬುದನ್ನು ಬರೆದಿಟ್ಟುಕೊಳ್ಳಬೇಕೆಂದರು. ವಿರೋಧ ತೋರಿದಾಗ ಆ ಕಾರಣಗಳ ಪಟ್ಟಿಯನ್ನು ಮುಂದಿಡಬಹುದು. ಪಟ್ಟಿಯು ಉದ್ದವಾಗಬಹುದೆಂಬುದು ಇದರ ಕೊರತೆ. ಜಾನ್ಸನ್ ಮತ್ತು ವಾಲ್ಜ್ ಬೇರೊಂದು ಮಾರ್ಗವನ್ನು ಹಿಡಿದು ಸಾಕ್ಷ್ಯಗಳನ್ನು ತೂಗಿನೋಡಿದರು: ಮೂರು ಸಾಲುಗಳು 'ಕ್ಷ'ವನ್ನು ಅಕ್ಷರಮಾಲೆಯೆನ್ನುವಾಗ ಒಂದೇ ಸಾಲು ಪೂರ್ಣಾಂಕವೆಂದರೆ ಆ ಒಂದರ ಮೇಲೆ ಸಂಶಯ ಹೆಚ್ಚು. ಬಹುಮತವು ಯಾವಾಗಲೂ ಸತ್ಯವಲ್ಲವಾದರೂ ಮೇಲಿನ ಉದಾಹರಣೆಯಲ್ಲಿ ಈ ಮಾರ್ಗವೇ ನಿಜವಾದ ತಪ್ಪನ್ನು ಮುಟ್ಟುತ್ತದೆ.

1998ರಲ್ಲಿ ಕೊರಿಯದ ಲೀ ಮತ್ತು ಯೀ, ಕಂಪೈಲರ್ ಕಟ್ಟುವವರಲ್ಲಿ ಕರ್ಣಾಕರ್ಣಿಕೆಯಾಗಿ ಬಂದಿದ್ದ 'ಎಂ' ಎಂಬ ಆಲ್ಗೊರಿದಮಿಗೆ ಶಾಸ್ತ್ರೀಯ ಸಾಧನೆಯನ್ನು ಕೊಟ್ಟು, ಅದು 'ಡಬ್ಲ್ಯು'ವಿಗಿಂತ ತಡವಾಗಿ ದೋಷವನ್ನು ಕಾಣುವುದಿಲ್ಲವೆಂದು ತೋರಿಸಿದರು. ಆದರೆ ಬೇಗ ಕಂಡುದು ಸರಿಯಾದ ಸ್ಥಳವೇ ಆಗಬೇಕೆಂಬ ನಿಯಮವಿಲ್ಲ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ತ್ವದ್ದು 2003ರಲ್ಲಿ ಹಾಕ್ ಮತ್ತು ವೆಲ್ಸ್ ಮಾಡಿದ ಕೆಲಸ. ಅವರು ಒಂದು ಸ್ಥಳವನ್ನು ಆರಿಸುವ ಗೋಜಿಗೇ ಹೋಗಲಿಲ್ಲ. ವಿರೋಧಕ್ಕೆ ಕಾರಣವಾದ ಅತ್ಯಲ್ಪ ಸ್ಥಳಸಮೂಹವನ್ನು, ಎಂದರೆ ಯಾವ ಒಂದನ್ನು ತೆಗೆದರೂ ಉಳಿದವುಗಳಲ್ಲಿ ವಿರೋಧವಿರದಂಥ ಸಮೂಹವನ್ನು, ತೋರಿಸಿ ತೀರ್ಮಾನವನ್ನು ಬರೆದವರಿಗೇ ಬಿಟ್ಟರು. ನಮ್ಮ ಉದಾಹರಣೆಯಲ್ಲಿ 3 ಮತ್ತು 10ನೆಯ ಸಾಲುಗಳ ಜೋಡಿ ಅಂಥದು. ಅದೇ ವರ್ಷ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ ಹ್ಯಾಸ್ಕೆಲ್ ಕಲಿಯುವವರಿಗಾಗಿ 'ಹೀಲಿಯಂ' ಎಂಬ ಕಂಪೈಲರು ಸಿದ್ಧವಾಯಿತು. ಸೂಚನೆಯು ಸ್ಪಷ್ಟವಾಗಿರಲೆಂದು ಅದರ ಕರ್ತೃಗಳು ಭಾಷೆಯ ಒಂದು ಮುಖ್ಯ ಅಂಗವಾದ ಟೈಪ್ ಕ್ಲಾಸುಗಳನ್ನೇ ಮೊದಲು ಕೈಬಿಟ್ಟರೆಂಬುದು ಗಮನಾರ್ಹ.

ಇಷ್ಟೆಲ್ಲ ವಿಚಾರವು ಬಹುಕಾಲ ಪ್ರಬಂಧಗಳಲ್ಲೇ ಉಳಿದುಕೊಂಡಿತ್ತು. ಬಳಕೆಯ ಭಾಷೆಗಳಲ್ಲಿ ಎದ್ದುಕಾಣುವ ಬದಲಾವಣೆ ಬಂದುದು 2015ರಲ್ಲಿ, ಇವಾನ್ ಚಾಪ್ಲಿಕಿಯವರು 'ಎಲ್ಮ್' ಭಾಷೆಯ ಸೂಚನೆಗಳನ್ನು ಹೊಸದಾಗಿ ಬರೆದಾಗ. ಬರೆದ ಸಾಲನ್ನು ಬರೆದಂತೆಯೇ ಉದ್ಧರಿಸಿ, ತಾನು ಕಂಡುದೇನು, ನಿರೀಕ್ಷಿಸಿದ್ದೇನು ಎಂಬುದನ್ನು ಸಾಮಾನ್ಯ ವಾಕ್ಯಗಳಲ್ಲಿ ಹೇಳುವುದು ಅಲ್ಲಿನ ರೀತಿ. 2016ರಲ್ಲಿ 'ರಸ್ಟ್' ಭಾಷೆಯೂ ಅದರಿಂದ ಪ್ರೇರಿತವಾಗಿ ತನ್ನ ಸೂಚನೆಗಳ ರೂಪವನ್ನು ಬದಲಿಸಿತು: ದೋಷ ಕಂಡ ಸ್ಥಳಕ್ಕೆ ಒಂದು ಗುರುತು, ಆ ನಿರೀಕ್ಷೆಗೆ ಕಾರಣವಾದ ಸ್ಥಳಕ್ಕೆ ಇನ್ನೊಂದು. ಈ ಎರಡನೆಯ ಗುರುತಿನಲ್ಲಿ ವಾಂಡ್ ಅವರು ಮೂವತ್ತು ವರ್ಷಗಳ ಹಿಂದೆ ಕೇಳಿದ್ದ ಹೇತುವು ಸಂಕ್ಷಿಪ್ತವಾಗಿ ಕಾಣಿಸುತ್ತದೆ.

ಓದುವವರನ್ನೇ ಪರೀಕ್ಷಿಸಿದ ಅಧ್ಯಯನಗಳೂ ಇವೆ. 2017ರಲ್ಲಿ ಬಾರಿಕ್ ಮತ್ತು ಸಂಗಡಿಗರು 56 ಮಂದಿಯ ಕಣ್ಣಿನ ಚಲನೆಯನ್ನು ಅಳೆದು, ದೋಷಸೂಚನೆಗಳನ್ನು ಓದುವ ಕಷ್ಟವು ಕ್ರಮವಿಧಿಯನ್ನೇ ಓದುವ ಕಷ್ಟಕ್ಕೆ ಸಮಾನವೆಂದು ಕಂಡರು. ಅದಕ್ಕೂ ಮೊದಲು, 2011ರಲ್ಲಿ, ಮಾರ್ಸೋ, ಫಿಸ್ಲರ್ ಮತ್ತು ಕೃಷ್ಣಮೂರ್ತಿ ಅವರು 'ರ‍್ಯಾಕೆಟ್' ಭಾಷೆಯ ಆರಂಭಿಕ ವಿದ್ಯಾರ್ಥಿಗಳನ್ನು ಪರಿಶೀಲಿಸಿದ್ದರು. ಸೂಚನೆಯಲ್ಲಿ ಬರುವ ಪಾರಿಭಾಷಿಕ ಪದಗಳು ಅನೇಕರಿಗೆ ಅರ್ಥವಾಗಿರಲಿಲ್ಲ. ಬಣ್ಣಕಟ್ಟಿ ತೋರಿಸಿದ ಭಾಗವನ್ನು ಅವರು ವಿರೋಧದ ಒಂದು ಸಾಕ್ಷಿಯೆಂದು ಭಾವಿಸದೆ 'ಇದನ್ನು ತಿದ್ದು' ಎಂಬ ಆಜ್ಞೆಯೆಂದು ಗ್ರಹಿಸಿದ್ದರು. ಹಾಕ್ ಮತ್ತು ವೆಲ್ಸರ ರೀತಿಯಲ್ಲಿ 3 ಮತ್ತು 10ನೆಯ ಸಾಲುಗಳೆರಡಕ್ಕೂ ಬಣ್ಣ ಹಚ್ಚಿದರೆ, ಅಂಥ ವಿದ್ಯಾರ್ಥಿಯು ಎರಡನ್ನೂ ತಿದ್ದಲು ಹೊರಡುವುದು ಅಸಂಭವವಲ್ಲ.